ಮೂರು ಅಂದರೆ ಎಷ್ಟು?

ಅಟ್ರೋಪಿನ್ ಆಂಪ್ಯೂಲ್, ಅಂದರೆ ಇಂಜೆಕ್ಷನ್ ಔಷಧಿಯ ಗಾಜಿನ ಶೀಸೆ, ಕಿರುಬೆರಳಿಗಿಂತ ಚಿಕ್ಕದು. ಒಳಗೆ ಒಂದು ಎಂ.ಎಲ್. ಔಷಧಿ. ಗಾಜಿನ ಮೇಲೆ ಸಣ್ಣ ಅಕ್ಷರದಲ್ಲಿ 0.6 ಮಿಲಿಗ್ರಾಂ ಎಂದು ಇರುತ್ತದೆ. ಹದಿನಾಲ್ಕು ವರ್ಷದಲ್ಲಿ ಅಂಥ ಆಂಪ್ಯೂಲ್‌ಗಳನ್ನು ಎಷ್ಟು ಸಾವಿರ ಮುರಿದಿದ್ದೇನೋ ಲೆಕ್ಕವಿಲ್ಲ. ಆ 0.6 ಅನ್ನೋ ಅಂಕಿ ನನಗೂ ಒಬ್ಬ ಡಾಕ್ಟರಿಗೂ, ನನಗೂ ನನ್ನ ಗೆಳತಿಗೂ ಮಾತು ಬಿಡಿಸುತ್ತದೆ ಅಂತ ಮಾತ್ರ ಯಾವತ್ತೂ ಅಂದುಕೊಂಡಿರಲಿಲ್ಲ.

ನಾನು ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುತ್ತೇನೆ. ಕಾಗದದಲ್ಲಿ ಶುಶ್ರೂಷಾಧಿಕಾರಿ, ಎಲ್ಲರ ಬಾಯಲ್ಲಿ ಸಿಸ್ಟರ್. ಹೈವೇ ಹತ್ತಿರವಿದೆ, ಹಾಗಾಗಿ ಆಕ್ಸಿಡೆಂಟ್ ಕೇಸ್ ವರ್ಷವಿಡೀ ಬರುತ್ತವೆ. ಮಳೆಗಾಲ ಶುರುವಾದರೆ ಹಾವು ಕಡಿದವರು, ಎಣ್ಣೆ ಕೇಸ್‌ಗಳು. ನಮ್ಮ ಕಡೆ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು. ಹೊಡೆಯುವಾಗ ಮೈಮೇಲೆ ಬಿದ್ದು ಬಂದವರು, ಮನೆಯಲ್ಲಿ ಬೇಜಾರಾಗಿ ಕುಡಿದು ಬಂದವರು, ಇಬ್ಬರೂ ಇರುತ್ತಾರೆ. ಬಾಗಿಲಲ್ಲಿ ನಾವು ಕಾರಣ ಕೇಳುವುದಿಲ್ಲ. ಮೊದಲು ಉಸಿರು ನೋಡುತ್ತೇವೆ.

ಇಂಥ ಜಾಗದಲ್ಲಿ ಜಗಳ ದಿನಾ ಇದ್ದದ್ದೇ. ಐಸಿಯುನವರು ಬೆಡ್ ಇಲ್ಲ ಅನ್ನುತ್ತಾರೆ, ನಾವು ಇಲ್ಲಿ ನೆಲದ ಮೇಲೂ ಜಾಗವಿಲ್ಲ ಅನ್ನುತ್ತೇವೆ. ಪೊಲೀಸರಿಗೆ ತಿಳಿಸಬೇಕಾದ ಕೇಸ್‌ಗಳ ಎಂಎಲ್‌ಸಿ ರಿಜಿಸ್ಟರ್ ಯಾರು ಬರೆಯಬೇಕು, ಪೊಲೀಸ್ ಠಾಣೆಗೆ ಯಾರು ಫೋನ್ ಮಾಡಬೇಕು, ಸ್ಟ್ರೆಚರ್ ತಳ್ಳೋಕೆ ಗ್ರೂಪ್ ಡಿ ಅಣ್ಣ ಎಲ್ಲಿ ಹೋದ. ಇವೆಲ್ಲ ಒಂದು ಲೋಟ ಚಹಾದಲ್ಲಿ ಮುಗಿಯುವ ಜಗಳ. ನಾನು ಹೇಳಹೊರಟಿರುವುದು ಹಾಗೆ ಮುಗಿಯದ ಒಂದರ ಬಗ್ಗೆ.

2024ರ ಜುಲೈ. ರಾತ್ರಿ ಪಾಳಿ. ಎಂಟಕ್ಕೆ ಹ್ಯಾಂಡೋವರ್ ತಗೊಂಡಾಗಲೇ ಆರು ಹಾಸಿಗೆ ತುಂಬಿದ್ದವು. ಇಬ್ಬರು ಸಿಸ್ಟರ್, ಒಬ್ಬರು ಡ್ಯೂಟಿ ಡಾಕ್ಟರ್, ಒಬ್ಬ ಇಂಟರ್ನ್ ಹುಡುಗ. ಡಾಕ್ಟರ್ ಮೇಡಂ ಮೈಸೂರು ಕಡೆಯವರು. ಎಂಬಿಬಿಎಸ್ ಮುಗಿಸಿ ಒಂದು ವರ್ಷದ ಕಡ್ಡಾಯ ಸೇವೆಗೆ ಬಂದಿದ್ದರು. ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ವಯಸ್ಸಿನಲ್ಲಿ ನನ್ನ ಕೊನೆಯ ತಂಗಿಗಿಂತ ಚಿಕ್ಕವರು. ನನ್ನ ಜೊತೆಗಿದ್ದ ಸಿಸ್ಟರ್ ನನ್ನ ಗೆಳತಿ. ಐದು ವರ್ಷದಿಂದ ಒಂದೇ ಡಬ್ಬಿಯಲ್ಲಿ ರೊಟ್ಟಿ ತಿಂದವರು ನಾವು. ಅವಳ ಮಗಳಿಗೆ ಜ್ವರ ಬಂದರೆ ನಾನು ಡ್ಯೂಟಿ ಬದಲಾಯಿಸಿಕೊಳ್ಳುತ್ತಿದ್ದೆ. ನನ್ನ ಅತ್ತೆಯವರ ಆಪರೇಷನ್ ಆದಾಗ ಮೂರು ರಾತ್ರಿ ಅವಳೇ ಕೂತಿದ್ದಳು.

ಹನ್ನೊಂದೂವರೆಗೆ 108ರಲ್ಲಿ ಇಪ್ಪತ್ತೆರಡು ವರ್ಷದ ಹುಡುಗನನ್ನು ತಂದರು. ಎಣ್ಣೆ ವಾಸನೆ ಬಾಗಿಲಿನಿಂದಲೇ ಬಂತು. ಬಾಯಿ, ಮೂಗಿನಲ್ಲಿ ನೊರೆ. ಮೈಯೆಲ್ಲ ಬೆವರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ತೊಡೆಯ ಮಾಂಸ ತಾನಾಗಿಯೇ ಪಟಪಟ ಅದುರುತ್ತಿತ್ತು. ಬಟ್ಟೆ ಕತ್ತರಿಸಿ ತೆಗೆದೆವು, ಸೋಪು ನೀರಿನಿಂದ ಮೈ ತೊಳೆದೆವು, ಸಕ್ಷನ್ ಹಾಕಿದೆವು, ಆಕ್ಸಿಜನ್ ಕೊಟ್ಟೆವು. ಆ ಕೆಲಸಕ್ಕೆ ಯಾರೂ ಹೇಳಬೇಕಾಗಿಲ್ಲ. ಕೈ ತಾನೇ ಓಡುತ್ತದೆ.

ಈ ವಿಷಕ್ಕೆ ಮೊದಲ ಮದ್ದು ಅಟ್ರೋಪಿನ್. ಎದೆಯೊಳಗಿನ ನೀರು ಒಣಗುವವರೆಗೆ, ನಾಡಿ ಏರುವವರೆಗೆ, ಐದೈದು ನಿಮಿಷಕ್ಕೆ ಹಿಂದಿನದರ ಎರಡರಷ್ಟು ಕೊಡುತ್ತಾ ಹೋಗಬೇಕು. ಮೇಡಂ ಸ್ಟೆತ್ ಹಿಡಿದೇ ಹೇಳಿದರು: "ಸಿಸ್ಟರ್, ಅಟ್ರೋಪಿನ್ ಮೂರು." ನಾನು ಮೂರು ಆಂಪ್ಯೂಲ್ ಹಾಕಿದೆ. ಐದು ನಿಮಿಷದ ನಂತರ ಎದೆ ಕೇಳಿದರು. ಇನ್ನೂ ಗರಗರ. "ಈಗ ಆರು." ಗೆಳತಿ ನನ್ನ ಪಕ್ಕದಲ್ಲಿ ನಿಂತು ಮುರಿದು ಕೊಟ್ಟಳು, ನಾನು ಎಳೆದೆ. ಆರು ಆಂಪ್ಯೂಲ್ ಹೋಯಿತು. ಹುಡುಗನ ಆಕ್ಸಿಜನ್ ಮಟ್ಟ ಏರಲಿಲ್ಲ. ಎಂಬತ್ತಾರು, ಎಂಬತ್ತೆರಡು, ಎಪ್ಪತ್ತೊಂಬತ್ತು ಅಂತ ಇಳಿಯುತ್ತಾ ಹೋಯಿತು. ಅಷ್ಟರಲ್ಲಿ ಇನ್ನೊಂದು 108 ಬಂದು ಬೈಕ್ ಆಕ್ಸಿಡೆಂಟಿನ ಇಬ್ಬರನ್ನು ಇಳಿಸಿತು.

ಉಸಿರಾಟಕ್ಕೆ ಗಂಟಲೊಳಗೆ ಟ್ಯೂಬ್ ಹಾಕಲು ಅರಿವಳಿಕೆ ಡಾಕ್ಟರು ಮೇಲಿನಿಂದ ಓಡಿ ಬಂದರು. ಬಂದವರೇ ಕೇಳಿದರು: "ಅಟ್ರೋಪಿನ್ ಎಷ್ಟು ಹೋಗಿದೆ?"

"ಒಂಬತ್ತು ಮಿಲಿಗ್ರಾಂ ಸರ್," ಅಂದರು ಮೇಡಂ.

"ಒಂಬತ್ತು ಆಂಪ್ಯೂಲ್ ಸರ್," ಅಂದೆ ನಾನು.

ಇಬ್ಬರೂ ಒಂದೇ ಉಸಿರಿಗೆ ಹೇಳಿದೆವು. ಅವರು ಟ್ರೇ ಕಡೆ ನೋಡಿದರು. ಒಡೆದ ಆಂಪ್ಯೂಲ್‌ಗಳು ಹತ್ತಿಯ ಮೇಲೆ ಬಿದ್ದಿದ್ದವು. "ಹಾಗಾದ್ರೆ ಐದೂವರೆಯೂ ಆಗಿಲ್ಲ," ಅಂದರು. ಮೇಡಂ ಕೇಳಿದ್ದು ಮೂರು ಮಿಲಿಗ್ರಾಂ, ಅಂದರೆ ಐದು ಆಂಪ್ಯೂಲ್. ಆಮೇಲೆ ಆರು ಮಿಲಿಗ್ರಾಂ, ಅಂದರೆ ಹತ್ತು ಆಂಪ್ಯೂಲ್. ಒಟ್ಟು ಹದಿನೈದು ಹೋಗಬೇಕಿತ್ತು. ಹೋದದ್ದು ಒಂಬತ್ತು.

ಟ್ಯೂಬ್ ಒಳಗೆ ಹೋಯಿತು. ಆಮೇಲೆ ಹತ್ತು ಆಂಪ್ಯೂಲ್ ಒಟ್ಟಿಗೆ ಹೋಯಿತು. ಒಂದೂವರೆಗೆ ಹುಡುಗ ಐಸಿಯುಗೆ ಹೋದ. ಅವನು ಬದುಕಿದ. ಹದಿನಾರನೇ ದಿನ ನಡೆದುಕೊಂಡೇ ಮನೆಗೆ ಹೋದ. ಆ ಹತ್ತು ನಿಮಿಷ ಸರಿಯಾದ ಡೋಸ್ ಹೋಗಿದ್ದರೆ ಟ್ಯೂಬ್ ಬೇಕಾಗುತ್ತಿರಲಿಲ್ಲವೇ ಅನ್ನುವ ಪ್ರಶ್ನೆಗೆ ಉತ್ತರ ಕೊಡಲು ಯಾರಿಂದಲೂ ಆಗಲಿಲ್ಲ. ಪೂರ್ತಿ ಡೋಸ್ ಹೋದರೂ ಕೆಲವರಿಗೆ ಉಸಿರಿನ ಸ್ನಾಯು ಕೈಕೊಡುತ್ತದೆ. ಆದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ತಪ್ಪು ಆದದ್ದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಹುಡುಗನನ್ನು ಕಳಿಸಿ ಬಂದ ಮೇಡಂ ಕೌಂಟರ್ ಎದುರು ನಿಂತು ಎಲ್ಲರ ಮುಂದೆ ಕೇಳಿದರು: "ಇಷ್ಟು ವರ್ಷ ಸರ್ವಿಸ್ ಆಗಿದೆ ಅಂತೀರಿ, ಮಿಲಿಗ್ರಾಂ ಗೊತ್ತಿಲ್ವಾ ನಿಮಗೆ?" ನನಗೆ ತಲೆ ಸುತ್ತಿ ಬಂತು. "ನೀವು ಮೊದಲು ಆರ್ಡರ್ ಬರೆಯೋದು ಕಲೀರಿ, ಆಮೇಲೆ ನನಗೆ ಪಾಠ ಹೇಳಿ," ಅಂದೆ. ಹುಡುಗನ ಅಣ್ಣ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಎದ್ದು ನಿಂತ. "ಅಂದ್ರ ನನ್ನ ತಮ್ಮಗ ಔಷಧಿ ಕಮ್ಮಿ ಕೊಟ್ಟೀರೇನ್ರಿ?" ಐದು ನಿಮಿಷದಲ್ಲಿ ಹೊರಗಿನಿಂದ ಹದಿನೈದು ಜನ ಒಳಗೆ ಬಂದರು. ಮೊಬೈಲ್ ಮೇಲೆದ್ದವು. ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ ಶಿಕ್ಷೆ ಅಂತ 2009ರ ಕಾಯ್ದೆಯ ಬೋರ್ಡು ಅವರ ತಲೆಯ ಮೇಲೆಯೇ ಇತ್ತು. ಸೆಕ್ಯುರಿಟಿ ಅಣ್ಣ ಕೈ ಮುಗಿದು ಅವರನ್ನು ಹೊರಗೆ ಕರೆದುಕೊಂಡು ಹೋದ. ಅವರನ್ನು ಕೆರಳಿಸಿದವರು ನಾವಿಬ್ಬರೇ. ಅದನ್ನು ನಾನು ಒಪ್ಪಿಕೊಳ್ಳುತ್ತೇನೆ.

ಬೆಳಿಗ್ಗೆ ಕೇಸ್ ಶೀಟಿನಲ್ಲಿ ಮೇಡಂ ಕೈಬರಹದಲ್ಲಿ 3 ಮಿಲಿಗ್ರಾಂ, 6 ಮಿಲಿಗ್ರಾಂ ಅಂತ ಇತ್ತು. ನನ್ನ ನರ್ಸಿಂಗ್ ನೋಟ್ಸ್‌ನಲ್ಲಿ 3 ಆಂಪ್ಯೂಲ್, 6 ಆಂಪ್ಯೂಲ್. ಮಧ್ಯಾಹ್ನದ ಹೊತ್ತಿಗೆ ಅವರ ದೂರು ಮೇಲಕ್ಕೆ ಹೋಗಿತ್ತು. ಮೂರನೇ ದಿನ ನನಗೆ ಮೆಮೊ ಬಂತು. "ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು, ತಪ್ಪಿದಲ್ಲಿ ಶಿಸ್ತು ಕ್ರಮ ಜರುಗಿಸಲಾಗುವುದು." ಹದಿನಾಲ್ಕು ವರ್ಷದಲ್ಲಿ ಮೊದಲ ಮೆಮೊ. ಸಹಿ ಹಾಕಿ ತಗೊಳ್ಳುವಾಗ ಕೈ ನಡುಗಿತು.

ಆ ರಾತ್ರಿ ನಾಲ್ಕು ಪುಟ ಬರೆದೆ. ಮೇಡಂ ಹೊಸಬರು, ಯಾರ ಮಾತೂ ಕೇಳುವುದಿಲ್ಲ, ಎಲ್ಲದಕ್ಕೂ ಬಾಯಿಮಾತಿನ ಆರ್ಡರ್, ಕರೆದರೆ ರೂಮಿನಿಂದ ಬೇಗ ಬರುವುದಿಲ್ಲ. ಎರಡು ತಿಂಗಳ ಸಿಟ್ಟನ್ನೆಲ್ಲ ಸುರಿದೆ. ಮಾರನೇ ದಿನ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ತೋರಿಸಿದೆ. ಅವರಿಗೆ ನಿವೃತ್ತಿಗೆ ಒಂದು ವರ್ಷ ಇತ್ತು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಟೈಮ್ ಬರಿ, ಎಣಿಕೆ ಬರಿ, ನೀ ಕೇಳಿಸಿಕೊಂಡ ಮಾತು ಬರಿ. ಉಳಿದದ್ದೆಲ್ಲ ಹೊಡೆದುಹಾಕು," ಅಂದರು. ಹೊಡೆದುಹಾಕಿದ ಮೇಲೆ ಉಳಿದದ್ದು ಮುಕ್ಕಾಲು ಪುಟ. ಅದನ್ನೇ ಕೊಟ್ಟೆ. ಮೆಮೊ ಬಂದು ಕೂತಿರುವ ಯಾವ ಸಿಸ್ಟರ್ ನನ್ನನ್ನು ಕೇಳಿದರೂ ಇದನ್ನೇ ಹೇಳುತ್ತೇನೆ. ಮೊದಲ ನಾಲ್ಕು ಪುಟ ಮನೆಯಲ್ಲೇ ಇರಲಿ.

ಸಮಜಾಯಿಷಿಯ ಕೊನೆಯಲ್ಲಿ "ಇದಕ್ಕೆ ಸಾಕ್ಷಿ" ಅಂತ ಗೆಳತಿಯ ಹೆಸರು ಬರೆದಿದ್ದೆ. ಮೇಡಂ ಬರೀ "ಮೂರು" ಅಂದಿದ್ದನ್ನು ಅವಳೂ ಕೇಳಿದ್ದಳು. ನನ್ನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಳು. ಆಂಪ್ಯೂಲ್ ಒಡೆದು ಅವಳ ಹೆಬ್ಬೆರಳು ಕುಯ್ದು ರಕ್ತ ಬಂದಿತ್ತು. ಅವಳನ್ನು ಕರೆದು ಕೇಳಿದರು. ಅವಳು ಬರೆದುಕೊಟ್ಟದ್ದು ಎರಡೇ ಸಾಲು: "ನಾನು ಆಗ ಬೇರೆ ರೋಗಿಯ ಕಡೆ ಗಮನ ಕೊಟ್ಟಿದ್ದೆ. ಡಾಕ್ಟರ್ ಏನು ಹೇಳಿದರು ಎಂದು ನನಗೆ ಕೇಳಿಸಲಿಲ್ಲ."

ಡಾಕ್ಟರ್ ಮೇಲಿನ ಸಿಟ್ಟು ಹೊಟ್ಟೆಯಲ್ಲಿತ್ತು. ಇದು ಎದೆಗೆ ತಾಗಿತು. ಅವತ್ತಿನಿಂದ ಡಬ್ಬಿ ಬೇರೆ ಆಯಿತು. ಒಂದೇ ಪಾಳಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದೆ. ಇನ್ನೊಂದು ಕಡೆ ಸಂಘದವರು ಫೋನ್ ಮಾಡಿ "ಬಿಡಬೇಡ, ನಾವಿದ್ದೀವಿ" ಅನ್ನುತ್ತಿದ್ದರು. ಡಾಕ್ಟರ್‌ಗಳು ಅವರ ರೂಮಿನಲ್ಲಿ ಒಂದಾದರು. ವಾಟ್ಸ್ಆ್ಯಪ್ ಗುಂಪಿನಲ್ಲಿ ಡ್ಯೂಟಿ ಪಟ್ಟಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಕ್ಯಾಶುವಾಲ್ಟಿ ಎರಡು ಹೋಳಾಯಿತು.

ಮೇಡಂ ನನ್ನ ಜೊತೆ ನೇರ ಮಾತಾಡುವುದನ್ನು ನಿಲ್ಲಿಸಿದರು. ಮೂರು ಅಡಿ ದೂರದಲ್ಲಿ ನಾನು ನಿಂತಿದ್ದರೂ ಇಂಟರ್ನ್ ಹುಡುಗನಿಗೆ "ಸಿಸ್ಟರ್‌ಗೆ ಹೇಳಿ" ಅನ್ನುತ್ತಿದ್ದರು. ನಾನೂ ಅವನಿಗೇ ಉತ್ತರ ಕೊಡುತ್ತಿದ್ದೆ. ಪಾಪ, ಆ ಹುಡುಗ ಇಬ್ಬರ ನಡುವೆ ಟಪಾಲು ಹೊತ್ತ ಹಾಗೆ ಓಡಾಡಿದ. ಹನ್ನೆರಡು ದಿನ ಹೀಗೇ ನಡೆಯಿತು. ಹದಿಮೂರನೇ ದಿನ ಹಾವು ಕಡಿದ ಹೆಣ್ಣುಮಗಳು ಬಂದಳು.

ಬೆಳಿಗ್ಗೆ ಆರೂಕಾಲು. ಹಿತ್ತಲಿನಿಂದ ಹೊಟ್ಟು ತರಲು ಹೋದಾಗ ಪಾದಕ್ಕೆ ಕಡಿದಿತ್ತು. ಮನೆಯವರು ಹೇಳಿದ ಗುರುತು ನೋಡಿದರೆ ಕೊಳಕುಮಂಡಲ ಇರಬಹುದು ಅನ್ನಿಸಿತು. ಬಾವು ಇನ್ನೂ ಜಾಸ್ತಿ ಇರಲಿಲ್ಲ. ಇಂಥ ಕೇಸಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡಲು ಸುಲಭದ ಪರೀಕ್ಷೆ ಇದೆ. ಒಣಗಿದ, ಚೊಕ್ಕಟ ಗಾಜಿನ ಟೆಸ್ಟ್‌ಟ್ಯೂಬಿನಲ್ಲಿ ಎರಡು ಎಂ.ಎಲ್. ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಒಮ್ಮೆ ವಾಲಿಸಬೇಕು. ರಕ್ತ ಗಟ್ಟಿಯಾಗಿ ನಿಂತರೆ ಸರಿ. ಹರಿದರೆ ತಕ್ಷಣ ವಿಷನಿರೋಧಕ ಶುರು ಮಾಡಬೇಕು. 6.40ಕ್ಕೆ ನಾನೇ ರಕ್ತ ತೆಗೆದು ಸ್ಟ್ಯಾಂಡಿನಲ್ಲಿ ಇಟ್ಟೆ. "20 ನಿಮಿಷಕ್ಕೆ ನೋಡೋಕೆ ಸಿಸ್ಟರ್‌ಗೆ ಹೇಳಿ" ಅಂತ ಮೇಡಂ ಇಂಟರ್ನ್‌ಗೆ ಹೇಳಿದ್ದರಂತೆ. ಅಷ್ಟರಲ್ಲಿ ಅವನನ್ನು ಎಕ್ಸ್‌ರೇಗೆ ಕಳಿಸಿದರು. ಹಾವು ಕಡಿತವನ್ನು 2024ರ ಫೆಬ್ರವರಿಯಿಂದ ನಮ್ಮ ರಾಜ್ಯದಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕು. ಮೇಡಂ ಆ ವರದಿ ತುಂಬುತ್ತಿದ್ದರು. ಇಟ್ಟಿದ್ದು ನಾನು, ನೋಡುವವರು ಅವರು ಅಂತ ನಾನು ಅಂದುಕೊಂಡೆ. ಕೇಳಬಹುದಿತ್ತು. ಕೇಳಲಿಲ್ಲ.

ನೆಲ ಒರೆಸುತ್ತಿದ್ದ ಆಯಾ ಟೇಬಲ್ ಹತ್ತಿರ ಬಂದು ಕೇಳಿದಳು: "ಅಕ್ಕಾರ, ಈ ರಕ್ತ ಚೆಲ್ಲಲೇನ್ರಿ?"

ಗಡಿಯಾರ ನೋಡಿದೆ. 7.15. ಟ್ಯೂಬ್ ತೆಗೆದು ವಾಲಿಸಿದೆ. ನೀರಿನ ಹಾಗೆ ಗೋಡೆಗುಂಟ ಹರಿಯಿತು. "ಮೇಡಂ!" ಅಂತ ಕೂಗಿದೆ. ಹನ್ನೆರಡು ದಿನದ ಮೇಲೆ ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವರು ಪೆನ್ನು ಬಿಸಾಡಿ ಓಡಿ ಬಂದರು. ಟ್ಯೂಬ್ ನೋಡಿ ಬಿಳಿಚಿಕೊಂಡರು. ಹತ್ತು ವಯಲ್ ಕಲಸಿ ಡ್ರಿಪ್ ಹಚ್ಚಿದೆವು. ನಾನು ಕಲಸುತ್ತಿದ್ದೆ, ಅವರು ಎಣಿಸುತ್ತಿದ್ದರು. ಒಂದು, ಎರಡು, ಮೂರು ಅಂತ ಇಬ್ಬರಿಗೂ ಕೇಳುವ ಹಾಗೆ ಎಣಿಸಿದರು. ಆ ಹೆಣ್ಣುಮಗಳಿಗೆ ಏನೂ ಆಗಲಿಲ್ಲ. ಆದರೆ ಹದಿನೈದು ನಿಮಿಷ ಆ ಟ್ಯೂಬ್ ನಮ್ಮಿಬ್ಬರ ನಡುವೆ ಅನಾಥವಾಗಿ ನಿಂತಿತ್ತು. ಜುಲೈ ರಾತ್ರಿಯ ತಪ್ಪನ್ನು ಗೊತ್ತಿಲ್ಲದೆ ಮಾಡಿದ್ದೆವು. ಇದು ಮುನಿಸಿನಿಂದ ಆದದ್ದು.

ಡ್ಯೂಟಿ ಮುಗಿಸಿ ಮನೆಗೆ ಹೋಗಲಿಲ್ಲ. ನೇರ ಆರ್‌ಎಂಒ, ಅಂದರೆ ನಿವಾಸಿ ವೈದ್ಯಾಧಿಕಾರಿಯ ರೂಮಿಗೆ ಹೋಗಿ "ಸರ್, ನಮ್ಮಿಬ್ಬರನ್ನೂ ಕೂಡಿಸಿ ಮಾತಾಡಿಸಿ. ಹೀಗೇ ಆದರೆ ಯಾರಾದರೂ ಸಾಯ್ತಾರೆ," ಅಂದೆ. ಟೆಸ್ಟ್‌ಟ್ಯೂಬಿನ ಕಥೆ ಪೂರ್ತಿ ಹೇಳಿದೆ. ನನ್ನ ಪಾಲಿನ ತಪ್ಪನ್ನೂ ಮುಚ್ಚಿಡಲಿಲ್ಲ.

ಎರಡು ದಿನ ಬಿಟ್ಟು ಕೂಡಿಸಿದರು. ಆರ್‌ಎಂಒ, ನರ್ಸಿಂಗ್ ಸೂಪರಿಂಟೆಂಡೆಂಟ್, ಅರಿವಳಿಕೆ ಡಾಕ್ಟರು, ಮೇಡಂ, ನಾನು. ಯಾರ ತಪ್ಪು ಅಂತ ಮೊದಲೇ ಕೇಳಲಿಲ್ಲ. ಇಬ್ಬರಿಗೂ ಅವರವರ ನೋಟ್ಸ್ ಗಟ್ಟಿಯಾಗಿ ಓದಲು ಹೇಳಿದರು. 11.42, ಮೂರು. 11.47, ಆರು. ಸಮಯ ಒಂದೇ, ಅಂಕಿ ಒಂದೇ, ಔಷಧಿಯ ಪ್ರಮಾಣ ಮಾತ್ರ ಬೇರೆ. ಓದುತ್ತಾ ಹೋದಂತೆ ನನಗೆ ಮೈ ಜುಮ್ಮೆಂದಿತು. ನಾವಿಬ್ಬರೂ ನಿಯಮದ ಪ್ರಕಾರವೇ ಎರಡರಷ್ಟು ಮಾಡಿದ್ದೆವು. ಅವರು ಅವರ ಲೆಕ್ಕದಲ್ಲಿ, ನಾನು ನನ್ನ ಲೆಕ್ಕದಲ್ಲಿ. ಸೂಪರಿಂಟೆಂಡೆಂಟ್ ಒಂದು ಆಂಪ್ಯೂಲ್ ತಂದಿದ್ದರು. ಮೇಜಿನ ಮೇಲೆ ಇಟ್ಟರು. "ನಾ ಸೇರಿದಾಗಿನಿಂದ ಇಲ್ಲಿ ಎಲ್ಲರೂ ಆಂಪ್ಯೂಲ್ ಲೆಕ್ಕದಾಗ ಮಾತಾಡ್ತಾರ. ಇವರು ಕಲಿತ ಕಾಲೇಜಿನ್ಯಾಗ ಮಿಲಿಗ್ರಾಂ. ಬಂದ ದಿನ ಇವರಿಗೆ ಇದನ್ನ ಯಾರು ಹೇಳಿದ್ರು?" ಅಂದರು. ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ನಲವತ್ತು ನಿಮಿಷ ಕೂತೆವು. ಕೊನೆಗೆ ಮೂರು ವಿಷಯ ಬರೆದುಕೊಂಡೆವು. ಆರ್ಡರ್ ಕೊಡುವಾಗ ಮಿಲಿಗ್ರಾಂ ಕೂಡ ಹೇಳಬೇಕು, ಆಂಪ್ಯೂಲ್ ಕೂಡ ಹೇಳಬೇಕು. ಔಷಧಿ ಎಳೆಯುವ ಸಿಸ್ಟರ್ ಅದನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು, ಡಾಕ್ಟರ್ "ಹೌದು" ಅಂದ ಮೇಲೆಯೇ ಹಾಕಬೇಕು. ಬಾಯಿಮಾತಿನ ಆರ್ಡರ್ ಅನ್ನು ಅದೇ ಪಾಳಿಯಲ್ಲಿ ಬರೆದು ಸಹಿ ಹಾಕಬೇಕು. ಅಷ್ಟೇ.

ನನ್ನ ಮೆಮೊ ಫೈಲಿನ ಮೇಲೆ "ಮುಂದೆ ಎಚ್ಚರಿಕೆಯಿಂದ ಕರ್ತವ್ಯ ನಿರ್ವಹಿಸತಕ್ಕದ್ದು" ಅಂತ ಬರೆದು ಮುಚ್ಚಿದರು. ಮೇಡಂಗೆ ಕಾಗದದಲ್ಲಿ ಏನೂ ಬರಲಿಲ್ಲ. ಇಬ್ಬರ ಲೆಕ್ಕವೂ ಸರಿ ಅಂದ ಮೇಲೆ ಎಚ್ಚರಿಕೆ ಒಬ್ಬಳಿಗೇ ಯಾಕೆ? ಅದು ಅನ್ಯಾಯ ಅಂತ ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ತಪ್ಪು ಕೆಳಗೆ ಇಳಿದು ಇಳಿದು ಕೊನೆಗೆ ನರ್ಸ್ ಮೇಲೆ, ಇಲ್ಲಾಂದ್ರೆ ಗ್ರೂಪ್ ಡಿ ಮೇಲೆ ನಿಲ್ಲುತ್ತದೆ. ಇದನ್ನು ಒಂದು ಸಭೆ ಸರಿ ಮಾಡಲಿಲ್ಲ.

ಆಗಸ್ಟ್ 17. ಕೋಲ್ಕತ್ತದಲ್ಲಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ಆಗಿ ಎಂಟು ದಿನವಾಗಿತ್ತು. ದೇಶದಲ್ಲೆಲ್ಲ ಡಾಕ್ಟರುಗಳು ಆ ದಿನ ಮುಷ್ಕರ ಮಾಡಿದರು. ತುರ್ತು ಸೇವೆ ಮಾತ್ರ ನಿಲ್ಲಿಸಿರಲಿಲ್ಲ. ನಮ್ಮ ಊರಿನ ಖಾಸಗಿ ಆಸ್ಪತ್ರೆಗಳ ಓಪಿಡಿ ಮುಚ್ಚಿತ್ತು. ನಮ್ಮ ಕ್ಯಾಶುವಾಲ್ಟಿ ಜಾತ್ರೆಯಾಯಿತು. ಮೇಡಂ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ರಾತ್ರಿ ಪಾಳಿಗೆ ಬಂದರು. ಎರಡು ಗಂಟೆಗೆ ಸ್ವಲ್ಪ ಬಿಡುವಾಯಿತು. ಡ್ಯೂಟಿ ಡಾಕ್ಟರ್ ರೂಮು ಉದ್ದನೆಯ ಕಾರಿಡಾರಿನ ಕೊನೆಯಲ್ಲಿದೆ, ನಡುವಿನ ಎರಡು ಟ್ಯೂಬ್‌ಲೈಟ್ ಆಗ ಉರಿಯುತ್ತಿರಲಿಲ್ಲ. ಅವರು ಕೌಂಟರ್ ಹತ್ತಿರವೇ ನಿಂತಿದ್ದರು. "ಸಿಸ್ಟರ್, ರೂಮಿನ ತನಕ ಜೊತೆಗೆ ಬರ್ತೀರಾ?" ಅಂದರು.

ಹೋದೆ. ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ, ಮುರಿದಿತ್ತು. ಎರಡು ತಿಂಗಳಿನಿಂದ ಅವರು ಕುರ್ಚಿ ಅಡ್ಡ ಇಟ್ಟು ಮಲಗುತ್ತಿದ್ದರಂತೆ. ಕರೆದರೆ ಬೇಗ ಬರುವುದಿಲ್ಲ ಅಂತ ನಾನು ನಾಲ್ಕು ಪುಟದಲ್ಲಿ ಬರೆದಿದ್ದೆನಲ್ಲ, ಆ ಕುರ್ಚಿ ಸರಿಸುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಅವರು ಇನ್ನೊಂದು ಮಾತು ಹೇಳಿದರು. "ದೂರು ಕೊಡೋಕೆ ನನಗೆ ಇಷ್ಟ ಇರಲಿಲ್ಲ ಸಿಸ್ಟರ್. ನೀನು ಬರೀದಿದ್ರೆ ಅವರೇ ಮೊದಲು ಬರೀತಾರೆ ಅಂತ ಹೇಳಿದ್ರು. ಹೆದರಿಕೆ ಆಯ್ತು." ನಾನು ಕೌಂಟರಿನಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವರೂ ಕೇಳಿದರು. ಬೆಳಿಗ್ಗೆ ಇಬ್ಬರೂ ಸೇರಿ ಚಿಲಕಕ್ಕೆ ಅರ್ಜಿ ಬರೆದೆವು. ಒಂಬತ್ತು ದಿನಕ್ಕೆ ಚಿಲಕ ಬಂತು. ಟ್ಯೂಬ್‌ಲೈಟ್ ಒಂದು ಬಂತು.

ಗೆಳತಿಯ ವಿಷಯ ಇಷ್ಟು ಬೇಗ ಆಗಲಿಲ್ಲ. ಅವಳದು ಗುತ್ತಿಗೆ ಕೆಲಸ. ನಾನು ಮಾಡುವುದನ್ನೇ ಮಾಡುತ್ತಾಳೆ, ಸಂಬಳ ನನ್ನ ಅರ್ಧವೂ ಇಲ್ಲ. ಪ್ರತಿ ವರ್ಷ ಮುಂದುವರಿಸುತ್ತಾರೋ ಇಲ್ಲವೋ ಅಂತ ಮಾರ್ಚ್ ತಿಂಗಳಲ್ಲಿ ಅವಳಿಗೆ ನಿದ್ದೆ ಬರುವುದಿಲ್ಲ. ಡಾಕ್ಟರಿನ ವಿರುದ್ಧ ಸಾಕ್ಷಿ ಹೇಳಿದವಳು ಅಂತ ಹೆಸರು ಬಂದರೆ ಅವಳ ಗತಿ ಏನು? ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳನ್ನು ಕೇಳದೆ ಅವಳ ಹೆಸರು ಬರೆದಿದ್ದೆ. ಮೆಮೊಗೆ ಹೆದರಿದ ನಾನು ಅವಳ ಹೆದರಿಕೆಯನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಇದನ್ನು ಅವಳ ಮುಂದೆ ಹೇಳಲು ನನಗೆ ಎರಡು ತಿಂಗಳು ಬೇಕಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಹೇಳಿದೆ. ಅವಳು ಅತ್ತಳು. "ಸುಳ್ಳು ಬರೆದ ಕೈಯಿಂದ ಅವತ್ತು ಮಗಳಿಗೆ ಊಟ ಮಾಡಿಸೋಕೆ ಆಗ್ಲಿಲ್ಲ ಅಕ್ಕಾ," ಅಂದಳು. ಬಸ್ ಬಂತು, ಹತ್ತಿ ಹೋದಳು. ಅಷ್ಟಕ್ಕೆ ಎಲ್ಲ ಮೊದಲಿನ ಹಾಗಾಯಿತು ಅಂತ ನಾನು ಹೇಳಲಾರೆ.

ಅಕ್ಟೋಬರ್ ಕೊನೆಯಲ್ಲಿ ಇನ್ನೊಂದು ಎಣ್ಣೆ ಕೇಸ್ ಬಂತು. ಐವತ್ತು ದಾಟಿದ ರೈತ, ದಿನವಿಡೀ ಹತ್ತಿ ಹೊಲದಲ್ಲಿ ಪಂಪು ಬೆನ್ನಿಗೆ ಹಾಕಿಕೊಂಡು ಹೊಡೆದಿದ್ದ. ಮೇಡಂ ಎದೆ ಕೇಳಿ ತಲೆ ಎತ್ತಿದರು. "ಅಟ್ರೋಪಿನ್ ಮೂರು ಮಿಲಿಗ್ರಾಂ, ಐದು ಆಂಪ್ಯೂಲ್." ಅವತ್ತು ಸಿರಿಂಜ್ ಗೆಳತಿಯ ಕೈಯಲ್ಲಿತ್ತು, ಮುರಿದು ಕೊಡುವವಳು ನಾನು. ಅವಳು ಇಡೀ ಕ್ಯಾಶುವಾಲ್ಟಿಗೆ ಕೇಳುವ ಹಾಗೆ ತಿರುಗಿ ಹೇಳಿದಳು: "ಮೂರು ಮಿಲಿಗ್ರಾಂ, ಐದು ಆಂಪ್ಯೂಲ್."

"ಹೌದು," ಅಂದರು ಮೇಡಂ.

ಗೆಳತಿ ನನ್ನ ಕಡೆ ತಿರುಗಿದಳು. "ಅಕ್ಕಾ, ಕೇಳಿಸ್ತಾ?"

"ಕೇಳಿಸ್ತು," ಅಂದೆ. ಮೊದಲ ಆಂಪ್ಯೂಲ್ ಮುರಿದು ಕೊಟ್ಟೆ.